ದೀಪಸ್ತಂಭ ಮಾರ್ಕಿನ ಗಿಯರು

ಅಂಗಡಿಯ ಮೇಜಿನ ಮೇಲೆ ಎರಡು ಗಿಯರುಗಳನ್ನು ಅಕ್ಕಪಕ್ಕ ಇಟ್ಟು ಸಾಹುಕಾರರು ಅವುಗಳಲ್ಲಿ ಒಂದರ ಮೇಲೆ ಕೈ ಊರಿದರು. "ನಿಮಗೆ ಇದು," ಎಂದರು. ನಾನಿನ್ನೂ ಬಾಯಿ ತೆರೆದಿರಲಿಲ್ಲ.

ಕಾಸರಗೋಡು ಪೇಟೆಯಲ್ಲಿ ಆಗ ಗಿಯರು ಇಟ್ಟು ಮಾರುತ್ತಿದ್ದದ್ದು ಆ ಒಂದೇ ಸೈಕಲ್ ಅಂಗಡಿ. ನಮ್ಮ ತಾಲೂಕು ಇನ್ನೂ ಮದರಾಸಿಗೆ ಸೇರಿದ್ದ ಕಾಲ. ಆಗಿನ ಗಿಯರು ಈಗಿನ ಸೈಕಲ್‌ಗಳಲ್ಲಿರುವ ಹಾಗೆ ಹಲ್ಲು ಹಲ್ಲಾಗಿ ಹೊರಗೇ ಕಾಣುವಂಥದ್ದಲ್ಲ. ಹಿಂದಿನ ಚಕ್ರದ ನಡುವೆ ಹಾಲಿನ ಡಬ್ಬಿಯಷ್ಟು ದಪ್ಪದ ಒಂದು ಉಕ್ಕಿನ ಡಬ್ಬಿ, ಎಲ್ಲವೂ ಅದರೊಳಗೆ. ಹ್ಯಾಂಡಲಿನ ಮೇಲೊಂದು ಸಣ್ಣ ಹಿಡಿ. ಅದನ್ನು ಒಂದಕ್ಕೆ ತಂದರೆ ಏರು ಹತ್ತಲು ಹಗುರ, ಎರಡು ಸಮ ದಾರಿಗೆ, ಮೂರು ಇಳಿಜಾರಿಗೆ. ಒಂದು ಕಂಪನಿಯ ಡಬ್ಬಿಯ ಮೇಲೆ ಓಡುವ ಕುದುರೆಯ ಚಿತ್ರ, ಇನ್ನೊಂದರ ಮೇಲೆ ದೀಪಸ್ತಂಭದ ಚಿತ್ರ. ಕಂಪನಿಗಳ ಹೆಸರು ಇಂಗ್ಲಿಷಿನಲ್ಲಿ ಕೆತ್ತಿರುತ್ತಿತ್ತು, ಆದರೆ ಅದನ್ನು ಯಾರೂ ಹೇಳುತ್ತಿರಲಿಲ್ಲ. ಕುದುರೆ ಮಾರ್ಕ್, ದೀಪಸ್ತಂಭ ಮಾರ್ಕ್, ಅಷ್ಟೇ.

ಸಾಹುಕಾರರ ಕೈ ಇದ್ದದ್ದು ಕುದುರೆಯ ಮೇಲೆ.

ನಾನು ಹೆರಿಗೆ ಮಾಡಿಸುವ ನರ್ಸು. ಮಂಗಳೂರಿನಲ್ಲಿ ಕಲಿತು ಕಾರಡ್ಕದ ಹತ್ತಿರದ ಒಂದು ಸಣ್ಣ ಹೆರಿಗೆ ಕೇಂದ್ರಕ್ಕೆ ಬಂದಿದ್ದೆ. ನನ್ನ ಸರಹದ್ದು ಅಡೂರಿನ ಆಚೆಯ ತನಕ. ಆ ದಾರಿ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಒಂದು ಗುಡ್ಡ ಇಳಿದು ತೋಡಿನ ನೀರು ದಾಟಿದರೆ ಇನ್ನೊಂದು ಗುಡ್ಡ ಎದುರಿಗೆ ನಿಂತಿರುತ್ತದೆ. ಕೆಂಪು ಮುರಕಲ್ಲಿನ ದಾರಿ, ಮೇಲೆ ಹರಳು. ನನ್ನಲ್ಲಿ ಸಂಬಳದಲ್ಲಿ ಕೊಂಡ ಒಂದು ಲೇಡೀಸ್ ಸೈಕಲ್ ಇತ್ತು. ಬಿಳಿ ಸೀರೆ ಉಟ್ಟು ಸೈಕಲ್ ಬಿಡುವ ಹೆಂಗಸನ್ನು ನೋಡಲು ಮೊದಮೊದಲು ಜನ ಅಂಗಳಕ್ಕೆ ಬಂದು ನಿಲ್ಲುತ್ತಿದ್ದರು. ನಾನೂ ಅವರನ್ನು ನೋಡುತ್ತಿದ್ದೆ. ಸ್ವಲ್ಪ ದಿನ ಹೀಗೆ ನೋಡಿದ ಮೇಲೆ ಇಬ್ಬರಿಗೂ ಬೇಸರ ಬಂತು. ಆದರೆ ಏರು ಬಂದಾಗಲೆಲ್ಲ ಇಳಿದು ತಳ್ಳಬೇಕಾಗುತ್ತಿತ್ತು. ಹೆರಿಗೆಯ ನೋವು ನಾನು ಗುಡ್ಡ ಹತ್ತುವ ತನಕ ಕಾಯುವುದಿಲ್ಲ. ಅದಕ್ಕೇ ಗಿಯರು ಬೇಕಾಗಿತ್ತು.

"ನನಗೆ ಇದೇ ಅಂತ ನಿಮಗೆ ಹೇಗೆ ಗೊತ್ತಾಯ್ತು?" ಎಂದು ಕೇಳಿದೆ.

"ನಿಮ್ಮ ಡಾಕ್ಟರಿಗೂ ಇದೇ ಹಾಕಿ ಕೊಟ್ಟದ್ದು. ತೋಟದ ಮ್ಯಾನೇಜರಿಗೂ ಇದೇ. ದೊಡ್ಡ ದೊಡ್ಡವರೆಲ್ಲ ಕುದುರೆಯೇ."

"ಅವರಲ್ಲಿ ಯಾರು ಹೆರಿಗೆಗೆ ಹೋಗುದು?"

ಸಾಹುಕಾರರು ನಕ್ಕರು. ಒಳ್ಳೆಯ ಮನುಷ್ಯರೇ, ಆದರೆ ಹೆಂಗಸರು ಅಂಗಡಿಗೆ ಬಂದರೆ ಅವರ ಪರವಾಗಿ ತಾವೇ ಯೋಚನೆ ಮಾಡಿ ಮುಗಿಸಿಬಿಡುವ ಜಾತಿ. ಕುದುರೆ ಮಾರ್ಕಿನ ಡಬ್ಬಿ ಪೂರ್ತಿ ಮುಚ್ಚಿದ್ದು, ಕಂಪನಿಯಲ್ಲೇ ಗ್ರೀಸು ತುಂಬಿ ಬರುತ್ತದೆ, ಕೈ ಹಾಕುವ ಕೆಲಸವೇ ಇಲ್ಲ ಎಂದು ವಿವರಿಸಿದರು. ದೀಪಸ್ತಂಭಕ್ಕಾದರೆ ಡಬ್ಬಿಯ ಮೇಲೊಂದು ಪುಟ್ಟ ಮುಚ್ಚಳ, ಅದನ್ನು ಎತ್ತಿ ಎಣ್ಣೆ ಹಾಕಬೇಕು. "ಹೆಂಗಸರಿಗೆ ಇದೆಲ್ಲ ಯಾಕೆ ಉಪದ್ರ?" ಎಂದರು.

ದಿನಕ್ಕೆ ಮೂರು ಸಲ ಕತ್ತರಿ, ಚಿಮಟಗಳನ್ನು ಕುದಿಸಿ ಒರೆಸಿ ಇಡುವವಳಿಗೆ ವಾರಕ್ಕೊಮ್ಮೆ ಮುಚ್ಚಳ ಎತ್ತುವುದು ಉಪದ್ರವಂತೆ. ಅದನ್ನು ಕೇಳಿ ನನ್ನ ತಲೆ ಬಿಸಿಯಾಯಿತು. ಎರಡನ್ನೂ ಏರಿನಲ್ಲಿ ಹತ್ತಿಸಿ ನೋಡಿ ಆಮೇಲೆ ಹೇಳುತ್ತೇನೆ ಎಂದೆ. ಅಂಥ ಪದ್ಧತಿ ಇಲ್ಲ ಎಂದರು. ಹಾಗಾದರೆ ಇವತ್ತಿಂದ ಆಗಲಿ ಎಂದೆ. ಕೊನೆಗೆ ಗೊಣಗುತ್ತಲೇ ನನ್ನ ಸೈಕಲ್‌ಗೆ ಮೊದಲು ಒಂದು ಚಕ್ರ, ಆಮೇಲೆ ಇನ್ನೊಂದು ಚಕ್ರ ಹಾಕಿ ಕೊಟ್ಟರು. ಪೇಟೆಯಿಂದ ಪೂರ್ವಕ್ಕೆ ಹೋಗುವ ಏರಿನಲ್ಲಿ, ಹೆರಿಗೆಯ ಚೀಲವನ್ನು ಹಿಂದೆ ಕಟ್ಟಿಕೊಂಡೇ ಎರಡು ಸಲ ಹತ್ತಿದೆ. ಕುದುರೆ ಸಮ ದಾರಿಯಲ್ಲಿ ಚೆಂದ ಓಡಿತು, ಏರಿನ ಕೊನೆಯಲ್ಲಿ ಮಾತ್ರ ನನ್ನನ್ನು ಕೆಳಗಿಳಿಸಿತು. ದೀಪಸ್ತಂಭದ ಒಂದನೇ ಗಿಯರು ಅದಕ್ಕಿಂತ ಹಗುರ. ನಿಧಾನಕ್ಕೆ ಹೋದರೂ ತುದಿ ಮುಟ್ಟಿಸಿತು. ತೀರ್ಪು ಕೊಟ್ಟದ್ದು ನನ್ನ ಮೊಣಕಾಲು.

"ದೀಪಸ್ತಂಭ," ಎಂದೆ.

"ಅದನ್ನು ಇಲ್ಲಿ ಒಬ್ರೂ ತೆಗೊಂಡಿಲ್ಲ ನರ್ಸಮ್ಮ. ನಾಳೆ ಕೆಟ್ರೆ ನನ್ನ ಹತ್ರ ಬರ್ಬೇಡಿ."

"ಬರುದಿಲ್ಲ," ಎಂದೆ.

ಸಂಗತಿ ತಿಳಿದ ನಮ್ಮ ಡಾಕ್ಟರರು ಹುಬ್ಬೇರಿಸಿದರು. ಕೇಂದ್ರಕ್ಕೆ ಅವರೇ ಯಜಮಾನರು. ವಯಸ್ಸಾದವರು, ಕೆಲಸದಲ್ಲಿ ಕಟ್ಟುನಿಟ್ಟು. "ನಾಲ್ಕು ಜನ ಹೋದ ದಾರಿಯಲ್ಲಿ ಹೋಗ್ಬೇಕು" ಎಂದಷ್ಟೇ ಹೇಳಿದರು. ನಾಲ್ಕು ಜನ ಹೋದ ದಾರಿಯಲ್ಲೇ ಹೋಗುವುದಾಗಿದ್ದರೆ ನಾನು ಮದುವೆಯಾಗಿ ಮಂಗಲ್ಪಾಡಿಯಲ್ಲಿ ಎಲ್ಲೋ ಭತ್ತ ಬೇಯಿಸುತ್ತಿದ್ದೆ. ಅದನ್ನು ಅವರಿಗೆ ಹೇಳಲಿಲ್ಲ, ಮನಸ್ಸಿನಲ್ಲೇ ಅಂದುಕೊಂಡೆ.

ಮಂಗಲ್ಪಾಡಿ ನನ್ನ ಊರು. ತಂದೆ ತಾಯಿ ನನ್ನ ಸಣ್ಣಂದಿನಲ್ಲೇ ತೀರಿಹೋಗಿ, ಅಮ್ಮನ ಅಣ್ಣ, ಅಂದರೆ ನನ್ನ ಮಾವ ನನ್ನನ್ನು ಸಾಕಿದರು. ನಮ್ಮಂಥ ತುಳು ಮನೆಗಳಲ್ಲಿ ಮಾವನ ಮಾತು ಎಂದರೆ ಅದರ ಮೇಲೆ ಮಾತಿಲ್ಲ. ಅವರಿಗೆ ಒಂದು ಎಣ್ಣೆಯ ಗಾಣ ಇತ್ತು. ಒಣಕೊಬ್ಬರಿಯನ್ನು ತಾವೇ ಆರಿಸಿ, ಎತ್ತು ಕಟ್ಟಿ ಅರೆಸಿದ ತೆಂಗಿನೆಣ್ಣೆ. ಮಾವನ ಎಣ್ಣೆ ಎಂದರೆ ಉಪ್ಪಳದ ಸುತ್ತ ಜನ ಕಣ್ಣು ಮುಚ್ಚಿ ಕೊಳ್ಳುತ್ತಿದ್ದರು. ನಾನು ನರ್ಸು ಕಲಿಯುವುದು ಮಾವನಿಗೆ ಇಷ್ಟವಿರಲಿಲ್ಲ. ಸೈಕಲ್ ವಿಷಯವನ್ನಂತೂ ಅವರೆದುರು ಎತ್ತುವ ಹಾಗೇ ಇರಲಿಲ್ಲ. ಆದರೆ ತಿಂಗಳಿಗೊಮ್ಮೆ ಬಸ್ಸಿನ ಕಂಡಕ್ಟರನ ಕೈಯಲ್ಲಿ ಒಂದು ಬಾಟ್ಲಿ ಎಣ್ಣೆ ತಪ್ಪದೆ ಬರುತ್ತಿತ್ತು. ಕಾಗದ ಇಲ್ಲ, ಕ್ಷೇಮಸಮಾಚಾರ ಇಲ್ಲ. ಅವರ ಆಶೀರ್ವಾದ ಅಂತ ಇದ್ದರೆ ಅದು ಆ ಬಾಟ್ಲಿಯೊಳಗೇ ಇತ್ತು.

ನಮ್ಮ ಮನೆಯಲ್ಲಿ ಆ ಎಣ್ಣೆ ಆಗದ ಜಾಗವೇ ಇರಲಿಲ್ಲ. ತಲೆಗೆ, ಒಗ್ಗರಣೆಗೆ, ದೇವರ ದೀಪಕ್ಕೆ, ಹಸುಗೂಸಿನ ಮೈಗೆ, ಬೀಗಕ್ಕೆ, ಕಿರುಗುಟ್ಟುವ ಬಾಗಿಲಿಗೆ, ಕೊಡೆಯ ಕಡ್ಡಿಗೆ, ಗಾಣದ ತಕ್ಕಡಿಗೆ. ಗಿಯರಿನ ಜೊತೆ ಇಂಗ್ಲಿಷಿನ ಒಂದು ಸಣ್ಣ ಪುಸ್ತಕವೂ ಒಂದು ಪುಟ್ಟ ಡಬ್ಬಿ ಎಣ್ಣೆಯೂ ಬಂದಿದ್ದವು. ಈ ಎಣ್ಣೆಯನ್ನೇ ಹಾಕಿ, ಬೇರೆ ಹಾಕಬೇಡಿ ಎಂದು ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು. ಓದಿ ನಕ್ಕುಬಿಟ್ಟೆ. ತಮ್ಮ ಎಣ್ಣೆ ಖರ್ಚಾಗಲಿ ಎಂದು ಯಾವ ಕಂಪನಿ ಬರೆಯುವುದಿಲ್ಲ? ನವರಾತ್ರಿ ಹೊತ್ತಿಗೆ ಆ ಡಬ್ಬಿ ಮುಗಿಯಿತು. ಮತ್ತೆ ಬೇಕಾದರೆ ಮದರಾಸಿನಿಂದ ತರಿಸಬೇಕಿತ್ತು. ಎಣ್ಣೆ ಎಂದರೆ ಎಣ್ಣೆ, ಮಾವನ ಎಣ್ಣೆಗಿಂತ ಶುದ್ಧವಾದದ್ದು ಮದರಾಸಿನಲ್ಲಿ ಎಲ್ಲುಂಟು ಎಂದುಕೊಂಡು ಆದಿತ್ಯವಾರಕ್ಕೊಮ್ಮೆ ಮುಚ್ಚಳ ಎತ್ತಿ ಒಂದು ಚಮಚ ಹೊಯ್ಯತೊಡಗಿದೆ. ತಲೆಗೆ ಎಣ್ಣೆ ಹಚ್ಚಿಕೊಳ್ಳುವ ದಿನವೇ ಸೈಕಲಿಗೂ.

ಗಿಯರು ಚೆನ್ನಾಗಿಯೇ ಓಡಿತು. ಅಡೂರಿನ ಕಡೆಯ ಹೆಂಗಸರಿಗೆ ನನ್ನ ಗಂಟೆಯ ಸದ್ದು ಗುರುತಾಯಿತು. ಮೊದಲು ಮಗು ಹುಟ್ಟಿದ ಮೇಲೆ ಕರೆಯುತ್ತಿದ್ದವರು ನೋವು ಶುರುವಾಗುವಾಗಲೇ ಹೇಳಿ ಕಳುಹಿಸತೊಡಗಿದರು. ಅದಕ್ಕಿಂತ ದೊಡ್ಡ ಗೌರವ ನನ್ನ ಕೆಲಸದಲ್ಲಿ ಇಲ್ಲ. ದೀಪಸ್ತಂಭದ ಹೊಗಳಿಕೆಯನ್ನು ನಾನು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದೆ.

ಚಳಿಯ ಧನು ತಿಂಗಳು ಬಂತು. ಒಂದು ದಿನ ಬೆಳಕು ಹರಿಯುವ ಹೊತ್ತಿಗೆ ಅಡೂರಿನ ಹತ್ತಿರದ ಮನೆಯ ಒಬ್ಬರು ಓಡಿ ಬಂದರು. ಅವರ ತಂಗಿಗೆ ನೋವು ಎದ್ದಿತ್ತು. ನಾನು ಚೀಲ ಕಟ್ಟಿ ಹೊರಟೆ. ಮೊದಲ ಏರಿಗೆ ಬಂದು ಹಿಡಿಯನ್ನು ಒಂದಕ್ಕೆ ತಂದು ತುಳಿದರೆ ಪೆಡಲು ಬರಿದೇ ತಿರುಗಿತು. ಚಕ್ರಕ್ಕೂ ಕಾಲಿಗೂ ಸಂಬಂಧವೇ ಇಲ್ಲ. ಕಣಕಾಲಿಗೆ ಪೆಡಲು ಹೊಡೆದು ಚರ್ಮ ಕಿತ್ತುಹೋಯಿತು. ಎರಡಕ್ಕೆ ತಂದೆ, ಮೂರಕ್ಕೆ ತಂದೆ, ಒಮ್ಮೆ ಹಿಡಿದ ಹಾಗೆ ಮಾಡಿ ಮತ್ತೆ ಬಿಟ್ಟಿತು. ಅಷ್ಟೂ ದಾರಿ ಸೈಕಲನ್ನು ತಳ್ಳಿಕೊಂಡು ಓಡಿದೆ. ಅಲ್ಲಿ ಮುಟ್ಟುವಾಗ ಬಿಸಿಲು ಅಂಗಳಕ್ಕೆ ಇಳಿದಿತ್ತು. ಮಗು ಹುಟ್ಟಿ, ತೊಳೆದು, ಬಟ್ಟೆ ಸುತ್ತಿ ಆಗಿತ್ತು. ಮನೆಯ ಅಜ್ಜಿ ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

"ಬನ್ನಿ ನರ್ಸಮ್ಮ. ಹೆಸರಿಡ್ಲಿಕ್ಕೆ ಬಂದದ್ದಾ?" ಎಂದರು.

ಬಾಣಂತಿಯನ್ನು ನೋಡಿ, ಮಗುವನ್ನು ನೋಡಿ ಹೊರಬಿದ್ದೆ. ಮಧ್ಯಾಹ್ನದ ಬಿಸಿಲಿನಲ್ಲಿ ಮನೆಗೆ ಹೊರಟರೆ ಗಿಯರು ಏನೂ ಆಗದ ಹಾಗೆ ಓಡಿತು. ಒಂದು, ಎರಡು, ಮೂರು, ಹೇಳಿದಲ್ಲಿಗೆ ಬರುತ್ತದೆ. ಕೆಟ್ಟು ಹೋದರೆ ಸಹಿಸಬಹುದು. ಬೆಳಿಗ್ಗೆ ಕೆಟ್ಟು ಮಧ್ಯಾಹ್ನ ಸಾಧುವಾಗುವುದನ್ನು ಹೇಗೆ ಸಹಿಸುವುದು? ಮರುದಿನ ಬೆಳಿಗ್ಗೆ ಮತ್ತೆ ಅದೇ ಕಥೆ. ಹತ್ತು ಗಂಟೆಗೆ ಡಾಕ್ಟರರ ಎದುರು ತೋರಿಸಲು ತಂದೆ. ಅವರು ತಾವೇ ಹತ್ತಿ ಅಂಗಳದಲ್ಲಿ ಎರಡು ಸುತ್ತು ಹಾಕಿ ಇಳಿದರು.

"ಗಿಯರಿಗೆ ಎಂತದೂ ಆಗ್ಲಿಲ್ಲ. ಚಳಿಗೆ ನಿದ್ರೆ ಸ್ವಲ್ಪ ಹೆಚ್ಚಾಯ್ತಾ ನಿಮಗೆ?"

ಆ ಮಾತು ನನಗೆ ಪೆಡಲಿನ ಏಟಿಗಿಂತ ಹೆಚ್ಚು ನೋವು ಕೊಟ್ಟಿತು. ಸುದ್ದಿ ಕಾಸರಗೋಡಿಗೂ ಹೋಯಿತು. ಸಾಹುಕಾರರು ಅಂಗಡಿಗೆ ಬಂದವರಿಗೆಲ್ಲ ದೀಪಸ್ತಂಭದ ಹಣೆಬರಹವನ್ನು ಹೇಳತೊಡಗಿದರಂತೆ. ಹೀಗೆ ಊರಲ್ಲಿ ಎರಡು ಪಕ್ಷವಾಯಿತು. ಗಿಯರು ಕೆಟ್ಟದ್ದು ಎನ್ನುವವರು ಕೆಲವರು, ನರ್ಸಮ್ಮ ಸೋಮಾರಿ ಎನ್ನುವವರು ಕೆಲವರು. ನಾನು ಎರಡನ್ನೂ ಒಪ್ಪಲಿಲ್ಲ. ಗಿಯರು ಒಳ್ಳೆಯದೇ, ನಾನು ಸರಿಯಾಗಿಯೇ ಎದ್ದಿದ್ದೆ. ಹಾಗಾದರೆ ಆದದ್ದೇನು ಎಂದು ಯಾರಾದರೂ ಕೇಳಿದರೆ ಉತ್ತರವಿಲ್ಲ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಕೂತಿದ್ದೆ. ಕೆಟ್ಟಿತೇನೋ ಎಂಬ ಹೆದರಿಕೆಯಿಂದ ಆ ವಾರ ಒಂದು ಚಮಚದ ಬದಲು ಎರಡು ಚಮಚ ಎಣ್ಣೆ ಹೊಯ್ದೆ.

ಎರಡನೆಯ ಸಲ ಆದದ್ದನ್ನು ಬರೆಯುವಾಗ ಈಗಲೂ ನನ್ನ ಕೈ ನಿಧಾನವಾಗುತ್ತದೆ. ಚೊಚ್ಚಲ ಹೆರಿಗೆ, ಸಣ್ಣ ಪ್ರಾಯದ ಹುಡುಗಿ. ಮುಂಜಾನೆ ಕರೆ ಬಂತು. ಗಿಯರಿನ ಮೇಲೆ ನಂಬಿಕೆ ಬಿಡಲಾರದೆ ಸೈಕಲನ್ನೇ ತೆಗೆದುಕೊಂಡು ಹೋದೆ. ನಡೆದೇ ಹೊರಟಿದ್ದರೂ ಬೇಗ ಮುಟ್ಟುತ್ತಿದ್ದೆ. ಅರ್ಧ ದಾರಿಯಲ್ಲಿ ಅದನ್ನು ಒಂದು ಮನೆಯ ಬೇಲಿಗೆ ಒರಗಿಸಿ ಓಡಿದೆ. ಮುಟ್ಟುವಾಗ ಮಗು ಹುಟ್ಟಿತ್ತು, ತಾಯಿಗೆ ರಕ್ತ ಹೋಗುತ್ತಿತ್ತು. ನೆರೆಮನೆಯ ಒಬ್ಬ ಮುದುಕಿ ಹೊಟ್ಟೆಯನ್ನು ಬಲವಾಗಿ ಒತ್ತಿ ಹಿಡಿದು ಕೂತಿದ್ದಳು. ಆ ಮುದುಕಿಗೆ ಯಾರು ಕಲಿಸಿದ್ದರೋ, ಸರಿಯಾದ ಜಾಗದಲ್ಲೇ ಒತ್ತಿದ್ದಳು. ಹುಡುಗಿ ಬದುಕಿದಳು. ಉಳಿಸಿದ್ದು ನಾನಲ್ಲ, ಆ ಮುದುಕಿ. ಆ ದಿನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ.

ಡಾಕ್ಟರರು ಮರುದಿನ ಕರೆಸಿದರು. ಬೈಯಲಿಲ್ಲ. ಬೈದಿದ್ದರೆ ತಿರುಗಿ ಎರಡು ಮಾತು ಹೇಳಬಹುದಿತ್ತು.

"ಇನ್ನು ಸೈಕಲ್ ಬೇಡ. ನೀವು ಇಲ್ಲೇ ಇರಿ. ಬೇಕಾದವರು ಗಾಡಿ ಕಟ್ಟಿಸಿ ಇಲ್ಲಿಗೆ ಕರ್ಕೊಂಡು ಬರ್ಲಿ."

"ಗಾಡಿ ಇಲ್ಲದವರು, ಸಾರ್?"

"ಹಾಗಾದ್ರೆ ಆ ದೀಪಸ್ತಂಭವನ್ನು ಕಿತ್ತು ಹಾಕಿ. ಸೋಮವಾರ ಬೆಳಿಗ್ಗೆ ಕುದುರೆ ಮಾರ್ಕಿನ ಚಕ್ರ ತೆಗೊಂಡು ಬರ್ಲಿಕ್ಕೆ ಅಂಗಡಿಯವರಿಗೆ ಹೇಳಿ ಕಳಿಸಿದ್ದೇನೆ. ಅದು ಹಾಕಿಸಿದ್ರೆ ಹೋಗಿ. ಇಲ್ಲದಿದ್ರೆ ಬೇಡ."

ಕುದುರೆ ಹಾಕಿಸಿದರೆ ಅಡೂರಿನ ಏರುಗಳಲ್ಲಿ ಅರ್ಧಕ್ಕರ್ಧ ಇಳಿದು ತಳ್ಳಬೇಕು. ಮೊದಲಿದ್ದಲ್ಲಿಗೇ ಬಂದ ಹಾಗೆ. ಹಾಕಿಸದಿದ್ದರೆ ಗುಡ್ಡದಾಚೆಯ ಹೆಂಗಸರಿಗೆ ನಾನೇ ಇಲ್ಲ. ನನ್ನ ಹಟಕ್ಕೆ ದಂಡ ಕಟ್ಟಬೇಕಾದವರು ಅವರು. ಇಷ್ಟೆಲ್ಲ ಆದ ಮೇಲೂ ದೀಪಸ್ತಂಭವನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ಏರಿನ ತುದಿಯನ್ನು ಮುಟ್ಟಿಸಿದ್ದು ಯಾವುದೆಂದು ನನ್ನ ಕಾಲಿಗೆ ಗೊತ್ತಿತ್ತಲ್ಲ.

ಆದಿತ್ಯವಾರ ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿಕೊಳ್ಳಲು ಮಾವನ ಬಾಟ್ಲಿಯನ್ನು ಬಗ್ಗಿಸಿದೆ. ಎಣ್ಣೆ ಬರಲಿಲ್ಲ. ಧನುವಿನ ಚಳಿಗೆ ಗಟ್ಟಿಯಾಗಿ, ಬೆಳ್ಳಗೆ ಬಾಟ್ಲಿಗೆ ಅಂಟಿ ಕೂತಿತ್ತು. ನಮ್ಮ ಕಡೆ ಆ ತಿಂಗಳಲ್ಲಿ ಎಲ್ಲ ಮನೆಗಳಲ್ಲೂ ಆಗುವುದೇ ಅದು. ಎಲ್ಲರೂ ಮಾಡುವ ಹಾಗೆ ಬಾಟ್ಲಿಯನ್ನು ಅಂಗಳದ ಪಾಗಾರದ ಗೋಡೆಯ ಮೇಲೆ ಬಿಸಿಲಿಗೆ ಇಟ್ಟೆ. ಜಡೆ ಬಿಚ್ಚಿ ಮೆಟ್ಟಿಲ ಮೇಲೆ ಕೂತು ಕಾದೆ. ಸೈಕಲಿಗೂ ಆ ದಿನವೇ ಎಣ್ಣೆ ಹಾಕಬೇಕು, ಅದೂ ಕಾಯಲಿ ಎಂದುಕೊಂಡೆ. ಬಿಸಿಲು ತಾಗಿದ ಬದಿಯಲ್ಲಿ ಎಣ್ಣೆ ನಿಧಾನವಾಗಿ ಕರಗಿ ತಿಳಿಯಾಗುತ್ತಿತ್ತು. ನೆರಳಿನ ಬದಿಯಲ್ಲಿ ಇನ್ನೂ ಗಟ್ಟಿ.

ಬೆಳಿಗ್ಗೆ ಗಟ್ಟಿ, ಬಿಸಿಲಿಗೆ ಕರಗುತ್ತದೆ.

ಎದ್ದೆ. ಕೂದಲು ಬೆನ್ನ ಮೇಲೆ ಹರಡಿಕೊಂಡ ಹಾಗೇ ಹೋಗಿ ಗಿಯರಿನ ಮುಚ್ಚಳ ಎತ್ತಿ, ತಲೆಯ ಪಿನ್ನನ್ನು ನೆಟ್ಟಗೆ ಮಾಡಿ ಒಳಗೆ ತುರುಕಿ ಎಳೆದೆ. ಪಿನ್ನಿನ ತುದಿಗೆ ತುಪ್ಪದ ಹಾಗೆ ಬೆಳ್ಳಗಿನದು ಅಂಟಿಕೊಂಡು ಬಂತು. ಡಬ್ಬಿಯ ಒಳಗೆ ಚಕ್ರವನ್ನು ಹಿಡಿಯುವ ಸಣ್ಣ ಸಣ್ಣ ಕೊಕ್ಕೆಗಳು ಇರುತ್ತವೆ, ಎದ್ದರೆ ಹಿಡಿತ, ಮಲಗಿದರೆ ಇಲ್ಲ ಎಂದು ಪುಸ್ತಕದಲ್ಲಿ ಚಿತ್ರ ಸಮೇತ ಬರೆದದ್ದು ನೆನಪಾಯಿತು. ಚಳಿಗೆ ಏಳಲಾಗದ ಹಾಗೆ ಅವನ್ನು ನಾನೇ ವಾರವಾರವೂ ಚಮಚದಲ್ಲಿ ಅಳೆದು ಎಣ್ಣೆಯಲ್ಲಿ ಮುಳುಗಿಸಿದ್ದೆ. ಹೆದರಿಕೆಯಿಂದ ಹೊಯ್ದ ಎರಡನೇ ಚಮಚ ಅದರ ಮೇಲಿಂದ.

ನಗು ಬರಲಿಲ್ಲ. ಮೆಟ್ಟಿಲಿನ ಮೇಲೆ ಕೂತುಬಿಟ್ಟೆ. ಆ ಹುಡುಗಿಯ ಬಿಳಿಚಿದ ಮುಖ ಕಣ್ಣೆದುರು ಬಂತು. ನಾಲ್ಕು ಜನರ ಮಾತನ್ನು ಕೇಳದಿರುವುದು ಧೈರ್ಯ ಇರಬಹುದು. ಬರೆದಿಟ್ಟ ಮಾತನ್ನು ಓದಿ ನಕ್ಕು ಪಕ್ಕಕ್ಕಿಟ್ಟದ್ದು ಬರೀ ಅಹಂಕಾರ. ಎರಡೂ ನನ್ನವೇ ಆಗಿದ್ದವು, ಮತ್ತು ನಾನು ಎರಡನ್ನೂ ಒಂದೇ ಎಂದುಕೊಂಡಿದ್ದೆ.

ಆ ದಿನವಿಡೀ ಚಿಮಿಣಿ ಎಣ್ಣೆ ಹೊಯ್ದು ಚಕ್ರ ತಿರುಗಿಸಿ, ಬಗ್ಗಿಸಿ, ಮತ್ತೆ ಹೊಯ್ದು ಡಬ್ಬಿಯನ್ನು ತೊಳೆದೆ. ಪಕ್ಕದ ದರ್ಜಿಯ ಹತ್ತಿರ ಹೊಲಿಗೆ ಮಿಷನಿಗೆ ಹಾಕುವ ತೆಳು ಎಣ್ಣೆಯನ್ನು ಕೇಳಿ ತಂದು ಹಾಕಿದೆ. ಸಂಜೆಯ ಬಸ್ಸಿನಲ್ಲಿ ಮಾವ ಬಂದಿಳಿದರು. ಕೈಯಲ್ಲಿ ಆ ತಿಂಗಳ ಬಾಟ್ಲಿ. ನನ್ನ ಸುದ್ದಿ ಬಸ್ಸಿನವರ ಬಾಯಿಂದ ಮಂಗಲ್ಪಾಡಿಯ ತನಕ ಹೋಗಿತ್ತು.

"ಸಾಕು ಮಗಳೇ. ಮನೆಗೆ ಬಾ," ಎಂದರು. ಮಾವ ಮಾತಾಡುತ್ತಿದ್ದದ್ದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. "ನಾಲ್ಕು ಜನರ ಬಾಯಿಗೆ ಬಿದ್ದು ಇಲ್ಲಿ ಇರ್ಬೇಕಂತ ಉಂಟಾ?"

"ನಾಳೆ ಬೆಳಿಗ್ಗೆ ಆಗ್ಲಿ ಮಾವ," ಎಂದೆ. ಎಣ್ಣೆಯ ವಿಷಯವನ್ನು ಅವರಿಗೆ ಹೇಳಲು ಬಾಯಿ ಬರಲಿಲ್ಲ.

ಬೇಕಾದರೆ ಬಾಯಿ ಮುಚ್ಚಿಕೊಂಡೇ ಇರಬಹುದಿತ್ತು. ಗಿಯರು ಸರಿಯಾಗಿತ್ತು. ಅದಾಗಿಯೇ ಸರಿಹೋಯಿತು ಎನ್ನಬಹುದಿತ್ತು. ಆದರೆ ಹಾಗೆ ಹೇಳಿದರೆ ದೀಪಸ್ತಂಭದ ಮೇಲಿನ ಅಪವಾದ ಅಲ್ಲೇ ಉಳಿಯುತ್ತದೆ, ಡಾಕ್ಟರರೂ ನಂಬುವುದಿಲ್ಲ. ತಪ್ಪು ನನ್ನದೆಂದು ಹೇಳಿದರೆ ಮಾತ್ರ ಗಿಯರು ಉಳಿಯುತ್ತದೆ. ಗಿಯರು ಉಳಿದರೆ ಗುಡ್ಡದಾಚೆಯ ಕೆಲಸ ಉಳಿಯುತ್ತದೆ. ಊರಿನವರೆದುರು ತಲೆಯೆತ್ತಿ ನಿಲ್ಲುವುದು ನನಗೆ ಅಭ್ಯಾಸವಾಗಿತ್ತು. ತಪ್ಪು ಮಾಡಿದವಳಾಗಿ ತಲೆಯೆತ್ತಿ ನಿಲ್ಲುವುದು ಹೊಸದು.

ಸೋಮವಾರ ಮೊದಲ ಬಸ್ಸಿಗೇ ಸಾಹುಕಾರರು ಕುದುರೆ ಮಾರ್ಕಿನ ಚಕ್ರವನ್ನು ಹೊತ್ತು ಬಂದರು. ಕೇಂದ್ರದ ಜಗಲಿಯಲ್ಲಿ ಡಾಕ್ಟರರು, ಒಂದು ಬದಿಗೆ ಮಾವ, ಅಂಗಳದಲ್ಲಿ ಮದ್ದಿಗೆ ಬಂದವರು ಏಳೆಂಟು ಜನ. ಸಾಹುಕಾರರು ನಟ್ಟು ಬಿಚ್ಚುವ ಪಾನ ತೆಗೆದು ನನ್ನ ಸೈಕಲಿನ ಹತ್ತಿರ ಕೂತಾಗ ನಾನು ಅಡ್ಡ ನಿಂತೆ.

"ಅದನ್ನು ಮುಟ್ಬೇಡಿ. ಗಿಯರಿನ ತಪ್ಪಲ್ಲ, ನನ್ನ ತಪ್ಪು. ನಾನು ಅದಕ್ಕೆ ತೆಂಗಿನೆಣ್ಣೆ ಹಾಕಿದ್ದೆ. ಚಳಿಗೆ ಅದು ಒಳಗೆ ಗಟ್ಟಿಯಾಗಿ ಹಿಡಿದಿತ್ತು."

ಅಂಗಳದಲ್ಲಿ ನಗು ಎದ್ದಿತು. ನನ್ನ ತಪ್ಪಿಗೆ ನಗುತ್ತಿದ್ದಾರೆ ಎಂದುಕೊಂಡೆ. ಅಲ್ಲ, ಅವರು ನಂಬಿರಲೇ ಇಲ್ಲ.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ," ಎಂದರು ಸಾಹುಕಾರರು. "ತೆಂಗಿನೆಣ್ಣೆ ಹಾಕಿ ಹಾಳಾದ ವಸ್ತು ಎಂತದುಂಟು ನರ್ಸಮ್ಮ? ನಾನು ನನ್ನ ಅಂಗಡಿಯ ಷಟರಿಗೆ ಅದನ್ನೇ ಹಾಕುದು."

ಅಂಗಳದಲ್ಲಿದ್ದವರು ತಲೆಯಾಡಿಸಿದರು. ಡಾಕ್ಟರರೂ ಅರೆಮನಸ್ಸಿನಿಂದ ನೋಡುತ್ತಿದ್ದರು. ವಿಲಾಯತಿ ಉಕ್ಕು ಕೆಟ್ಟದ್ದು ಎಂದರೆ ಎಲ್ಲರಿಗೂ ನಂಬಿಕೆ, ಮನೆಯ ಎಣ್ಣೆಯಿಂದ ತೊಂದರೆಯಾಯಿತು ಎಂದರೆ ಯಾರಿಗೂ ಇಲ್ಲ. ಎರಡು ತಿಂಗಳ ಹಿಂದೆ ನಾನೂ ಅವರ ಜೊತೆ ಸೇರಿ ನಗುತ್ತಿದ್ದೆ. ಯಾರದೋ ಕಣ್ಣು ಮಾವನ ಕಡೆ ಹೋಯಿತು. ಇವರೇ ಎಣ್ಣೆಯವರು ಎಂದು ಬಸ್ಸಿನಲ್ಲಿ ಬಂದವರೊಬ್ಬರು ಹೇಳಿದರು. ಎಲ್ಲರೂ ಅವರನ್ನೇ ನೋಡಿದರು.

ಮಾವನ ಮುಖ ಕೆಂಪಾಗಿತ್ತು. ಅವರ ಎಣ್ಣೆಗೆ ಕುಂದು ಹೇಳಿದವರು ಅಲ್ಲಿಯ ತನಕ ಯಾರೂ ಇರಲಿಲ್ಲ, ಈಗ ಸಾಕಿದ ಸೊಸೆಯೇ ಹತ್ತು ಜನರೆದುರು ಹೇಳಿದ್ದಳು. ನಾನು ತಲೆ ತಗ್ಗಿಸಲಿಲ್ಲ. ಒಳಗೆ ಹೋಗಿ, ಒಂದು ತಟ್ಟೆಯಲ್ಲಿ ತೆಗೆದಿಟ್ಟಿದ್ದ ಪಿನ್ನನ್ನು ತಂದು ಅವರ ಕೈಗೆ ಕೊಟ್ಟೆ. ತುದಿಯಲ್ಲಿ ಬೆಳ್ಳಗಿನದು ಹಾಗೇ ಇತ್ತು.

ಮಾವ ಅದನ್ನು ಮೂಸಿದರು. ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಉಜ್ಜಿದರು. ಬೆರಳಿನ ಬಿಸಿಗೆ ಅದು ಕರಗಿ ಮಿನುಗಿತು. ಬೆರಳನ್ನು ಇನ್ನೊಮ್ಮೆ ಮೂಗಿನ ಹತ್ತಿರ ತಂದರು.

"ನನ್ನದೇ," ಎಂದರು.

ಆಮೇಲೆ ಸಾಹುಕಾರರ ಕಡೆ ತಿರುಗಿ, ಅವರಿಗೆ ತಿಳಿಯುವ ಹಾಗೆ ಕನ್ನಡದಲ್ಲಿ ಹೇಳಿದರು. "ಶುದ್ಧ ತೆಂಗಿನೆಣ್ಣೆ ಧನುವಿನಲ್ಲಿ ಗಟ್ಟಿಯಾಗ್ಲೇ ಬೇಕು. ಗಟ್ಟಿಯಾಗದಿದ್ರೆ ಅದರಲ್ಲಿ ಬೇರೆ ಎಂತದೋ ಸೇರಿದೆ ಅಂತ ಲೆಕ್ಕ. ನಿಮ್ಮ ಷಟರು ಚಳಿಗೂ ಸಲೀಸಾಗಿ ಎದ್ರೆ, ನಿಮಗೆ ಎಣ್ಣೆ ಕೊಡುವವನನ್ನು ಒಮ್ಮೆ ವಿಚಾರಿಸಿ. ಇವಳು ಹಾಕಿದ್ದನ್ನು ಹಾಕಿದ್ರೆ ನಿಮ್ಮ ಕುದುರೆಯೂ ಏಳುದಿಲ್ಲ."

"ಕುದುರೆಗೆ ಎಣ್ಣೆ ಹಾಕ್ಲಿಕ್ಕೆ ತೂತೇ ಇಲ್ಲ," ಎಂದರು ಸಾಹುಕಾರರು.

"ಅದರ ಹೆಚ್ಚುಗಾರಿಕೆ ಅಷ್ಟೇ," ಎಂದೆ ನಾನು. "ನನ್ನಂಥ ಬುದ್ಧಿವಂತೆಯ ಕೈಗೆ ಸಿಗುದಿಲ್ಲ."

ಈ ಸಲದ ನಗು ನನ್ನ ಮೇಲೆಯೇ. ಡಾಕ್ಟರರೂ ನಕ್ಕರು. ನಾನು ಸೈಕಲ್ ಹತ್ತಿ, ಇನ್ನೂ ಇಬ್ಬನಿ ಆರದ ಅಂಗಳದಲ್ಲಿ ಒಂದು, ಎರಡು, ಮೂರು ಎಂದು ಬದಲಿಸಿ ತೋರಿಸಿದೆ. ಪ್ರತಿ ಸಲವೂ ಹಿಡಿಯಿತು. ಡಾಕ್ಟರರು ಸ್ವಲ್ಪ ಯೋಚಿಸಿ, "ಒಂದು ತಿಂಗಳು ನೋಡುವ. ಇನ್ನೊಂದು ಸಲ ತಡ ಆದ್ರೆ ನೀವು ಎಂತ ಹೇಳಿದ್ರೂ ನಾನು ಕೇಳುದಿಲ್ಲ," ಎಂದರು. ಸಾಹುಕಾರರು ಕುದುರೆಯನ್ನು ಹೆಗಲಿಗೇರಿಸಿ ಬಸ್ಸಿಗೆ ಹೋದರು. ಹೋಗುವ ಮುಂಚೆ ಮಾವನ ಹತ್ತಿರ ಎಣ್ಣೆಯ ಕ್ರಯ ಕೇಳುತ್ತಿದ್ದದ್ದನ್ನು ನಾನು ನೋಡಿದೆ.

ಮಾವ ಅದೇ ಮಧ್ಯಾಹ್ನ ಹೊರಟರು. ಮನೆಗೆ ಬಾ ಎಂದು ಮತ್ತೆ ಹೇಳಲಿಲ್ಲ, ಇರು ಎಂದೂ ಹೇಳಲಿಲ್ಲ. ಮೂರು ದಿನ ಕಳೆದ ಮೇಲೆ ಕಂಡಕ್ಟರ್ ಒಂದು ಸಣ್ಣ ಕಟ್ಟು ತಂದುಕೊಟ್ಟ. ಒಳಗೆ ಮಂಗಳೂರಿನಿಂದ ತರಿಸಿದ ಮಿಷನ್ ಎಣ್ಣೆಯ ಡಬ್ಬಿ. ಅದಕ್ಕೆ ಒಂದು ಚೀಟಿ ಅಂಟಿಸಿತ್ತು. ಮಾವ ನನಗೆ ಬರೆದ ಮೊದಲ ಕಾಗದ ಅದು: "ಇದು ಸೈಕಲಿಗೆ. ನನ್ನದು ತಲೆಗೆ."

ಮತ್ತೊಂದು ವಾರ ಕಳೆದಿರಬೇಕು, ಬೆಳಕು ಹರಿಯುವ ಹೊತ್ತಿಗೆ ಬಾಗಿಲು ತಟ್ಟಿದರು. ಅಡೂರಿನ ಅದೇ ಅಜ್ಜಿಯ ಮನೆ. ಈಗ ಸೊಸೆಗೆ ನೋವು. ಆ ವರ್ಷದ ಚಳಿಯಲ್ಲೇ ಹೆಚ್ಚಿನ ಚಳಿ ಆ ದಿನದ್ದು, ಪಾಗಾರದ ಮೇಲಿಟ್ಟ ಬಾಟ್ಲಿಯಲ್ಲಿ ಎಣ್ಣೆ ಕಲ್ಲಾಗಿತ್ತು. ಮೊದಲ ಏರಿನ ಬುಡಕ್ಕೆ ಬಂದು ಹಿಡಿಯನ್ನು ಒಂದಕ್ಕೆ ತಂದೆ. ಡಬ್ಬಿಯೊಳಗೆ ಟಿಕ್ ಎಂದಿತು. ತುಳಿದೆ. ಹಿಡಿಯಿತು. ತುದಿಯ ತನಕ ಇಳಿಯಲಿಲ್ಲ. ಎರಡನೇ ಏರಿನಲ್ಲೂ ಇಳಿಯಲಿಲ್ಲ. ಇಳಿಜಾರಿನಲ್ಲಿ ಒಬ್ಬಳೇ ಜೋರಾಗಿ ಬೈದುಕೊಂಡು ಹೋದೆ. ಯಾರನ್ನೆಂದು ಕೇಳಿದರೆ ಹೇಳಲಾರೆ. ಸಾಹುಕಾರರನ್ನೋ, ನನ್ನನ್ನೋ, ಬಹುಶಃ ಎಲ್ಲರನ್ನೂ.

ಅಂಗಳದಲ್ಲಿ ಸೈಕಲ್ ನಿಲ್ಲಿಸುವಾಗ ಇನ್ನೂ ಬಿಸಿಲು ಬಿದ್ದಿರಲಿಲ್ಲ. ಅಜ್ಜಿ ಅದೇ ಜಗಲಿಯಲ್ಲಿ, ಅದೇ ಎಲೆಯ ತಟ್ಟೆಯ ಮುಂದೆ ಕೂತಿದ್ದರು. ಒಳಗಿನಿಂದ ಸೊಸೆಯ ನರಳಾಟ ಕೇಳುತ್ತಿತ್ತು. ಅಜ್ಜಿ ನನ್ನನ್ನೂ ಸೈಕಲನ್ನೂ ಮೇಲಿಂದ ಕೆಳಗೆ ನೋಡಿದರು. ನಾನು ಕೈ ತೊಳೆಯಲು ಬಿಸಿನೀರು ಕೇಳಿದೆ.

"ಒಳಗೆ ಕಾಯ್ತಾ ಉಂಟು, ಹೋಗಿ," ಎಂದರು ಅಜ್ಜಿ. "ಇವತ್ತು ತಡ ಮಾಡಿದ್ದು ಮಗು."